ಉಗುಳಿನಲ್ಲಿ ಸಿಕ್ಕ ನಂಟು

ಮುಳಬಾಗಿಲಿನ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು. ಸುತ್ತಲಿನ ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ‘ಸೂಜಿ ಅಕ್ಕ’ ಅಂದರೆ ಸಾಕು, ಮಕ್ಕಳು ಮಂಚದ ಕೆಳಗೆ ಸೇರಿಕೊಳ್ಳುತ್ತವೆ. ಈ ಕೆಲಸದಲ್ಲಿ ನಗು ತರಿಸುವಂಥದ್ದು ದಿನಾ ಏನಾದರೊಂದು ನಡೆಯುತ್ತದೆ. ಆದರೆ ಬರುವವರು ಕಾಯಿಲೆಯವರು, ಅವರು ಹೋಗುವವರೆಗೂ ನಗು ತಡೆದುಕೊಳ್ಳಬೇಕು.

ಹಸಿರು ನಕ್ಷೆ

ದಕ್ಷಿಣ ಆಫ್ರಿಕಾದಿಂದ ಬಂದ ಹೆಂಗಸೊಬ್ಬರು, ಮದುವೆಯಾಗದವರು, ಅರವತ್ತು ದಾಟಿದವರು, ಲಾಡ್ಜಿನಲ್ಲಿ ‘ಟೆಸ್ಟ್ ಬಗ್ಗೆ ಗೊತ್ತಿರುವವರು ಯಾರಿದ್ದಾರೆ’ ಅಂತ ಕೇಳಿದರಂತೆ. ಲಾಡ್ಜಿನವರು ನನ್ನ ಹತ್ತಿರ ಕಳಿಸಿದರು. ಆಕೆಯ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟದ ಕೂಲಿಗೆ ಹಡಗು ಹತ್ತಿದವನು. ಮನೆಯಲ್ಲಿ ಉಳಿದಿದ್ದು ಎರಡೇ ಮಾತು: ದೇವರಾಯಸಮುದ್ರದ ಕೆರೆ, ಮತ್ತು ಊರಲ್ಲಿ ಬಿಟ್ಟುಬಂದ ಒಬ್ಬ ಅಣ್ಣ. ಆಕೆ ಆಡುತ್ತಿದ್ದ ತೆಲುಗು ಅಜ್ಜಿಯಿಂದ ಕಲಿತದ್ದು, ಅರ್ಧ ಅಡುಗೆಮನೆ ಮಾತು, ಅರ್ಧ ಬೈಗುಳ. ಆಂಧ್ರದ ಗಡಿಯ ನಮ್ಮ ಕಡೆ ಅಷ್ಟಿದ್ದರೆ ಬದುಕಬಹುದು.

ತಮ್ಮ ದೇಶದಲ್ಲಿ ಉಗುಳು ಕೊಟ್ಟು ಡಿಎನ್ಎ ಟೆಸ್ಟ್ ಮಾಡಿಸಿ, ಬಂದ ಫಲಿತಾಂಶವನ್ನು ಫೋನಿನಲ್ಲಿ ತೋರಿಸಿದರು. ಪೂರ್ವಿಕರ ಊರು ತೋರಿಸುವ ನಕ್ಷೆಯಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡು ಮೂರಕ್ಕೂ ಹಸಿರು ಬಳಿದಿತ್ತು.

‘ಇಷ್ಟು ಜನರಲ್ಲಿ ನಿಮ್ಮವರು ಯಾರು?’ ಅಂದೆ.

‘ಅದಕ್ಕೇ ಬಂದೆ. ಇಲ್ಲಿ ಯಾರದಾದರೂ ಉಗುಳು ನನ್ನದಕ್ಕೆ ಹೊಂದಿದರೆ ಅವರೇ ನಮ್ಮವರು. ಅಪ್ಪ ಸಾಯುವಾಗ ಊರಿಗೆ ಸುದ್ದಿ ಮುಟ್ಟಿಸು ಅಂದರು. ಯಾರಿಗೆ ಅಂತ ಅವರಿಗೂ ಗೊತ್ತಿರಲಿಲ್ಲ. ಈಗ ನನಗೆ ಕ್ಯಾನ್ಸರ್. ನನ್ನ ಸಾವಿನ ಸುದ್ದಿ ಕೇಳಿಸಿಕೊಳ್ಳೋಕೆ ಇಲ್ಲಿ ಒಬ್ಬರಾದರೂ ಬೇಕು’ ಅಂದರು.

ನಾನು ಅಭ್ಯಾಸಬಲದಿಂದ ‘ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂದುಬಿಟ್ಟೆ.

ಐದು ಮನೆಯ ತಮ್ಮಂದಿರು

ಕೆರೆ ಹತ್ತಿರದ ಹಳ್ಳಿಯಲ್ಲಿ ನಾವಿಬ್ಬರೂ ಕಾರಿನಿಂದ ಇಳಿದು ವಿಷಯ ಹೇಳಿದ್ದೇ ತಡ, ಐದು ಮನೆಗಳಲ್ಲಿ ಮುತ್ತಾತನ ಕಾಲದಲ್ಲಿ ದೇಶ ಬಿಟ್ಟುಹೋದ ತಮ್ಮಂದಿರು ಹುಟ್ಟಿಕೊಂಡರು. ಒಂದು ಮನೆಯವರ ತಮ್ಮ ಬಾವಿಗೆ ಬಿದ್ದು ಸತ್ತಿದ್ದು ಊರಿಗೆಲ್ಲ ಗೊತ್ತು. ಅವನನ್ನೂ ಎತ್ತಿ ಹಡಗು ಹತ್ತಿಸಿದರು.

ಮಧ್ಯಾಹ್ನ ಟೀ ಅಂಗಡಿಯಲ್ಲಿ ಯಾರೋ, ರಕ್ತಸಂಬಂಧ ಸಾಬೀತಾದರೆ ಜಮೀನಿನಲ್ಲಿ ಭಾಗ ಕೊಡಬೇಕಾಗುತ್ತದೆ ಅಂದರಂತೆ. ಹೈವೇ ಬಂದ ಮೇಲೆ ನಮ್ಮ ಕಡೆ ಒಂದು ಗುಂಟೆಗೂ ಜನ ಪ್ರಾಣ ಬಿಡುತ್ತಾರೆ. ಸಂಜೆಯ ಹೊತ್ತಿಗೆ ಐದೂ ಮನೆಯ ತಮ್ಮಂದಿರು ಮಾಯ. ಬಾವಿಯವನು ಮತ್ತೆ ಬಾವಿಗೆ ಬಿದ್ದ.

ತಾತನ ಎಲೆ ಅಡಿಕೆ

ಕೊನೆಗೆ ಊರಾಚೆ ತೋಟದ ಮನೆಯಲ್ಲಿ ಒಬ್ಬ ತಾತ ಸಿಕ್ಕಿದರು. ಎಂಬತ್ತು ದಾಟಿದ ವಯಸ್ಸು, ಬಾಯಿತುಂಬ ಎಲೆ ಅಡಿಕೆ.

‘ನಮ್ಮ ತಾತನ ತಮ್ಮ ಚಿನ್ನದ ಗಣಿಗೆ ಕೆಲಸಕ್ಕೆ ಹೋಗ್ತೀನಿ ಅಂತ ಹೋದೋನು ಬರ್ಲೇ ಇಲ್ಲ. ಗಣೀಲಿ ಸತ್ನೋ ಇನ್ನೆಲ್ಲಿಗೆ ಹೋದ್ನೋ ಗೊತ್ತಾಗ್ಲಿಲ್ಲ’ ಅಂದರು.

ಅವರ ಮಗ, ಅವನಿಗೂ ಐವತ್ತಾಗಿರಬಹುದು, ನನ್ನನ್ನು ಪಕ್ಕಕ್ಕೆ ಕರೆದ. ‘ಅಕ್ಕಾ, ಉಗುಳು ಕೊಟ್ರೆ ಸೈನ್ ಹಾಕ್ದಂಗಾ?’

ತಾತನಿಗೆ ಕೇಳಿಸಿತು. ‘ಎಂಬತ್ತು ವರ್ಷದಿಂದ ಉಗೀತಾ ಇದೀನಿ ಕಣೋ. ಒಬ್ರಾದ್ರೂ ಒಂದು ಗುಂಟೆ ಕೇಳವ್ರಾ?’

ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಏನೂ ಹಾಕಿಕೊಳ್ಳಬಾರದು ಅಂದೆ. ಒಪ್ಪಿ ಕೂತರು. ಆದರೆ ಮನೆಗೆ ಬಂದ ಹೆಣ್ಣುಮಗಳ ಎದುರು ಉಗಿಯುವುದು ಹೇಗೆ ಅಂತ, ಉಗುಳು ತುಂಬಲು ಕೊಟ್ಟ ಟ್ಯೂಬು ಹಿಡಿದುಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದರು. ಬಂದಾಗ ಟ್ಯೂಬು ಖಾಲಿ. ಅಭ್ಯಾಸದಂತೆ ಬೇಲಿಗೆ ಉಗಿದುಬಂದಿದ್ದರು.

ಆಕೆ ಬಿದ್ದು ಬಿದ್ದು ನಕ್ಕರು. ಆಮೇಲೆ ತಾವೇ ತಾತನ ಗಲ್ಲದ ಕೆಳಗೆ ಟ್ಯೂಬು ಹಿಡಿದು, ಸೋರಿದ್ದನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿದರು. ತಾತ ನನ್ನ ಕಡೆ ತಿರುಗಿ, ‘ನಮ್ಮನೇಲಿ ಇಷ್ಟು ಮಾಡೋರು ಯಾರೂ ಇಲ್ಲ. ಇವಳು ನಮ್ಮೋಳಾಗಿರೋದು ಅನುಮಾನ’ ಅಂದರು.

ಭಾಗ

ಆಕೆ ಟ್ಯೂಬು ತೆಗೆದುಕೊಂಡು ತಮ್ಮ ದೇಶಕ್ಕೆ ಹೋದರು. ಸಂಕ್ರಾಂತಿಯ ಹಿಂದುಮುಂದು, ಮೈಕೊರೆಯುವ ಚಳಿಯಲ್ಲಿ ಆಕೆಯ ತಮ್ಮನ ಮಗಳಿಂದ ಫೋನ್ ಬಂತು. ತಾತನ ಉಗುಳು ಹೊಂದಿತ್ತು. ಆದರೆ ಆ ವಿಷಯ ತಿಳಿಯುವ ಮೊದಲೇ ಆಕೆ ತೀರಿಕೊಂಡಿದ್ದರು.

ಎರಡು ಸುದ್ದಿಯನ್ನೂ ಹೊತ್ತು ತಾತನ ಮನೆಗೆ ಹೋದೆ. ಮೊದಲು ಬಾಯಿಬಿಟ್ಟವನು ಮಗ. ‘ಪಾಪ, ಒಳ್ಳೆ ಹೆಂಗ್ಸು. ಹಂಗಾದ್ರೆ ನಮ್ಮೋರೇ ಬಿಡಿ ಅಕ್ಕಾ. ನಂಗೆ ಮೊದ್ಲೇ ಅನ್ನಿಸಿತ್ತು.’ ಸತ್ತವರು ಭಾಗ ಕೇಳುವುದಿಲ್ಲ ಎಂಬ ಧೈರ್ಯ. ಕೈಯಲ್ಲಿ ದಪ್ಪ ಸೂಜಿ ಇದ್ದಿದ್ದರೆ ಅಲ್ಲೇ ಚುಚ್ಚುತ್ತಿದ್ದೆ.

ತಾತ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಅಂಗಿ ಬಿಚ್ಚಿ, ನೀರಿನ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತರು. ದಾಯಾದಿಗಳ ಸಾವಿನ ಸುದ್ದಿ ಎಷ್ಟು ತಡವಾಗಿ ಬಂದರೂ ಕೇಳಿದ ಕೂಡಲೇ ತಲೆಗೆ ತಣ್ಣೀರು ಹುಯ್ದುಕೊಳ್ಳಬೇಕು.

‘ಹುಯ್ಯೋ’ ಅಂದರು. ಮಗ ಒಂದು ಚೊಂಬು ಹುಯ್ದ.

‘ಇನ್ನೊಂದು.’

‘ಆಯ್ತಲ್ಲಪ್ಪ.’

‘ಅದು ಅವಳ್ದು. ಇದು ಅವಳಪ್ಪಂದು. ಆಮೇಲೆ ಅವಳ ತಾತಂದು. ಕೊನೇದು ಗಣಿಗೆ ಹೋಗ್ತೀನಿ ಅಂದೋನ್ದು.’

‘ಅವ್ನು ಸತ್ತು ಎಷ್ಟು ಕಾಲ ಆಯ್ತೋ ಏನೋ.’

‘ನಂಗೆ ಸುದ್ದಿ ಬಂದಿದ್ದು ಇವತ್ತು’ ಅಂದರು ತಾತ. ಕೊನೆಯ ಚೊಂಬೂ ಆಗುವಷ್ಟರಲ್ಲಿ ಅವರ ಹಲ್ಲು ಕಟಕಟ ಅನ್ನುತ್ತಿತ್ತು. ‘ಭಾಗ ಕೇಳ್ತಾರೆ ಅಂತ ಹೆದರ್ತಿದ್ಯಲ್ಲ, ಇಷ್ಟೇ ಕಣೋ ಅವರ ಭಾಗ. ಈಗ ನೀನು ಕೂತ್ಕೋ. ಅಮ್ಮಣ್ಣಿ, ನನ್ನ ಕೈ ನಡುಗ್ತದೆ, ಇವನಿಗೆ ನೀನೇ ಹುಯ್ಯಮ್ಮ.’

ಚೊಂಬು ತುಂಬ ತುಂಬಿಸಿ, ಒಬ್ಬೊಬ್ಬರ ಲೆಕ್ಕಕ್ಕೂ ನೆತ್ತಿಯ ಮೇಲೆ ಹುಯ್ದೆ. ಆಕೆಯ ಚೊಂಬು ಹುಯ್ಯುವಾಗ ನನಗೆ ಅಳು ಬಂತು. ಸುದ್ದಿ ಮುಟ್ಟಿತಲ್ಲ ಅಂದುಕೊಂಡೆ.

ಮಗ ಗಡಗಡ ನಡುಗುತ್ತಾ ಎದ್ದ. ‘ಅಕ್ಕಾ, ಆ ದೇಶದಲ್ಲಿ ನಮ್ಮೋರು ಇನ್ನೂ ಎಷ್ಟು ಜನ ಅವ್ರೆ?’

‘ತುಂಬಾ ಜನ. ಯಾಕೆ, ಜಮೀನಿಂದೇ ಯೋಚ್ನೆನಾ?’

‘ಜಮೀನು ಹಾಳಾಗೋಗ್ಲಿ. ಇನ್ಮೇಲೆ ಸಾಯೋರು ಬೇಸಿಗೇಲಿ ಸಾಯೋಕೆ ಹೇಳಿ.’