ನಮ್ಮವರ ಟ್ರ್ಯಾಕ್ಟರೂ ನನ್ನ ಕೆಟಲ್ ಮುಚ್ಚಳವೂ

ಕುರಿಯ ಕರುಳು ತೊಳೆದವಳಿಗೆ ಟ್ರ್ಯಾಕ್ಟರ್ ಯಾವ ಲೆಕ್ಕ! ಹಾಗಂದುಕೊಂಡೇ ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ.

ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಕುರಿ ಕೊಯ್ದರೂ ಕರುಳು ತೊಳೆಯಲು ನನಗೇ ಕರೆ. ಬಿಡಿಸಿ, ಒಳಗನ್ನು ಹೊರಗೆ ತಿರುವಿ, ತೊಳೆದು, ಮತ್ತೆ ಮೊದಲಿನಂತೆ ಮಾಡಿಡುವುದರಲ್ಲಿ ನಾನು ಮಹಾರಾಣಿ. ಟ್ರ್ಯಾಕ್ಟರಿಗೂ ಹೊಟ್ಟೆ ಇದೆ, ಗಂಟಲಿದೆ, ಕೊಳವೆಗಳಿವೆ. ಕುರಿಗಾದರೆ ಜೀವ ಹೋದ ಮೇಲೆ ತೊಳೆಯುವುದು. ಇದಕ್ಕೆ ತೊಳೆದ ಮೇಲೆ ಜೀವ ಬರಬೇಕು. ಅಷ್ಟೇ ವ್ಯತ್ಯಾಸ! ಶಾಲೆಯಲ್ಲಿ ನಾನು ಹೆಚ್ಚು ಕಾಲ ಕೂತವಳಲ್ಲ, ನಿಜ. ಟ್ರ್ಯಾಕ್ಟರೂ ಶಾಲೆಗೆ ಹೋಗಿಲ್ಲವಲ್ಲ!

ನಮ್ಮವರು ಚಳಿಗಾಲದಲ್ಲಿ ಹೋದರು. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅವರ ವಯಸ್ಸಿನದೇ ಆದ ಈ ನೀಲಿ ಟ್ರ್ಯಾಕ್ಟರೂ ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಅವರು ಅದನ್ನು ಯಾವಾಗಲೂ ಮನೆಯ ಹಿಂದಿನ ಇಳಿಜಾರಿನ ಮೇಲೆ ನಿಲ್ಲಿಸುತ್ತಿದ್ದರು. ನನ್ನ ಅಡುಗೆಮನೆಯ ಕಿಟಕಿಗೇ ಗುರಿ ಇಟ್ಟ ಹಾಗೆ! ಎಷ್ಟೋ ವರ್ಷ ಅದಕ್ಕಾಗಿ ಜಗಳವಾಡಿದ್ದೆ. ಅವರು ಹೋದ ಮೇಲೆ ಊರ ಗಂಡಸರನ್ನು ಹಿಡಿದು ಅದನ್ನು ಸಮತಟ್ಟಾದ ಅಂಗಳಕ್ಕೆ ಇಳಿಸಿದೆ. ಗೆದ್ದೆ ಅಂದುಕೊಂಡೆ.

ಹುಲ್ಲು ಕೊಯ್ಯುವ ಕಾಲ ಬಂತು. ಮೈದುನ ಕೆನೆಶ್ ಬಂದ. ಟ್ರ್ಯಾಕ್ಟರಿನ ಚಕ್ರಕ್ಕೆ ಒಂದು ಒದೆ ಕೊಟ್ಟ.

"ಅತ್ತಿಗೆ, ಈ ಕಬ್ಬಿಣ ಇಟ್ಕೊಂಡು ಏನ್ ಮಾಡ್ತೀರಿ? ನಾಡಿದ್ದು ಗುಜರಿ ಲಾರಿ ಬರುತ್ತೆ, ನಾನು ಮಾತಾಡಿದ್ದೀನಿ. ಇದನ್ನ ಹಾಕಿ ಕಳಿಸಿದ್ರೆ ಬದಲಿಗೆ ಗಬ್ಬದ ಕುದುರೆ ಒಂದು ಸಿಗುತ್ತೆ. ಕುಡಿಯೋಕೆ ಕುದುರೆ ಹಾಲಾದ್ರೂ ಆಗುತ್ತೆ."

"ಇದನ್ನ ನಾನು ಓಡಿಸ್ತೀನಿ. ಹುಲ್ಲೂ ಇದರಲ್ಲೇ ಕೊಯ್ತೀನಿ."

"ಯಾರು? ನೀವಾ?"

"ಇಲ್ಲ, ನಮ್ಮನೆ ಆಡು!"

ಅತ್ತೆ ಬಾಗಿಲಲ್ಲಿ ಕೋಲು ಊರಿ ನಿಂತಿದ್ದರು. ಅವರು ಬಾಯಿ ತೆರೆದರೆ ನಮ್ಮ ಮನೆಯಲ್ಲಿ ಅದೇ ಕೋರ್ಟು.

"ಲಾರಿ ಬರೋ ಹೊತ್ತಿಗೆ ಅದು ತಾನಾಗಿ ಹುಲ್ಲುಗಾವಲಿಗೆ ಹೋದ್ರೆ ಮನೇಲಿರ್ಲಿ. ಇಲ್ದಿದ್ರೆ ಲಾರಿಗೆ. ಮುಗೀತು, ಇಬ್ರೂ ಬಾಯ್ಮುಚ್ಚಿ."

ಒಂದು ಮಾತನ್ನು ನಾನು ಕೆನೆಶನಿಗೆ ಹೇಳಲಿಲ್ಲ. ನಮ್ಮವರ ಕೋಟು, ಟೋಪಿ, ಬೂಟು ಎಲ್ಲವನ್ನೂ ನಮ್ಮ ಪದ್ಧತಿಯಂತೆ ನೆಂಟರಿಷ್ಟರಿಗೆ ಹಂಚಿಯಾಗಿತ್ತು. ಅವರದು ಅಂತ ಉಳಿದದ್ದು ಇದೊಂದೇ. ಸೀಟಿನ ಮೇಲೆ ಅವರು ಕೂತೂ ಕೂತೂ ಆದ ಗುಂಡಿ ಇನ್ನೂ ಹಾಗೇ ಇತ್ತು.

ಸರಿ, ಶುರುವಾಯಿತು ನನ್ನ ದಂಡಯಾತ್ರೆ!

ಮೊದಲು ಡೀಸೆಲ್ ಟ್ಯಾಂಕಿನ ಬಾಯಿ. ಅಲ್ಲಿ ತಂತಿ ಸುತ್ತಿ ಬಿಗಿದಿದ್ದದ್ದು ಏನು? ನನ್ನ ಕೆಟಲಿನ ಮುಚ್ಚಳ!

ಆ ಮುಚ್ಚಳ ಕಾಣೆಯಾದ ದಿನ ನನಗಿಂತ ಹೆಚ್ಚು ಹುಡುಕಿದವರು ನಮ್ಮವರು. ಮೊಣಕಾಲೂರಿ ಪೆಟ್ಟಿಗೆಯ ಕೆಳಗೆ ಭುಜದವರೆಗೆ ಕೈ ಹಾಕಿದರು. ಮುಖಕ್ಕೆಲ್ಲ ಜೇಡರ ಬಲೆ ಮೆತ್ತಿಕೊಂಡು ಎದ್ದು, "ಆಡು ನುಂಗಿರ್ಬೇಕು ಕಣೇ" ಅಂದರು. ಆ ಆಡನ್ನು ನಾನು ವಾರಗಟ್ಟಲೆ ಗುಮಾನಿಯಿಂದ ನೋಡಿದ್ದೆ!

ಟ್ಯಾಂಕಿನ ಗಂಟಲಿನಲ್ಲಿ ನನ್ನ ಚಹಾ ಸೋಸುವ ಜಾಲರಿ. ಹಿಂದಿನ ಚಕ್ರದ ಅಚ್ಚಿನ ಸುತ್ತ, ಎಣ್ಣೆ ಸೋರದ ಹಾಗೆ, ನಾನು ಕೈಯಾರೆ ಹೊಲಿದ ಉಣ್ಣೆ ಹಾಸಿನ ಮೂಲೆ. ಆ ಮೂಲೆಯನ್ನು ಇಲಿ ಕಡಿದಿದೆ ಅಂತ ಹೇಳಿ ಬೆಕ್ಕು ತಂದು ಸಾಕಿದ್ದೇ ಆ ಮನುಷ್ಯ! ಕೊನೆಗೆ, ಸೀಟಿನ ಮುಂದಿನಿಂದ ಎಂಜಿನ್ನಿಗೆ ಹೋಗುವ ಒಂದು ಸರಳು ನಡುವೆ ಮುರಿದಿತ್ತು. ಎರಡು ತುಂಡನ್ನೂ ಸೇರಿಸಿ ಹಿಡಿದಿದ್ದು ನನ್ನ ದೊಡ್ಡ ಸೌಟಿನ ಹಿಡಿ.

"ಅತ್ತೇ! ನಿಮ್ಮ ಮಗ ಕಳ್ಳ!"

"ಟ್ರ್ಯಾಕ್ಟರಿಗೆ ಮಾತ್ರ. ಇನ್ಯಾವಳಿಗೂ ಕದ್ದು ಕೊಡ್ಲಿಲ್ವಲ್ಲ, ಸಂತೋಷಪಡು."

ನಾನು ಎಲ್ಲವನ್ನೂ ಬಿಸಿನೀರಿಗೆ ಬೂದಿ ಹಾಕಿ ತಿಕ್ಕಿದೆ. ಮುಚ್ಚಳ ಕೆಟಲಿಗೆ ಹೋಯಿತು, ಜಾಲರಿ ಮೊಳೆಗೆ, ಹಿಡಿ ಸೌಟಿಗೆ. ಉಣ್ಣೆಯ ಮೂಲೆಯನ್ನು ಬಿಸಿಲಿಗೆ ಹರವಿದೆ. ಟ್ಯಾಂಕಿನ ಬಾಯಿಗೆ ಒಂದು ಚಿಂದಿ ತುರುಕಿದೆ. ಉಳಿದ ನಟ್ಟು ಬೋಲ್ಟುಗಳನ್ನೆಲ್ಲ ತೊಳೆದು ಕಂಡ ಕಂಡ ತೂತಿಗೆ ತಿರುಪಿದೆ. ಕಳೆದ ರಾಜ್ಯ ಮರಳಿ ಪಡೆದ ರಾಣಿಯಂತೆ ಕೂತು, ಮುಚ್ಚಳವಿರುವ ಕೆಟಲಿನಿಂದ ಚಹಾ ಬಗ್ಗಿಸಿಕೊಂಡು ಕುಡಿದೆ. ಅಡುಗೆಮನೆ ಭರ್ತಿಯಾಯಿತು. ಟ್ರ್ಯಾಕ್ಟರ್ ಖಾಲಿಯಾಯಿತು ಅನ್ನುವುದು ಯಾರಿಗೆ ಹೊಳೆಯಿತು!

ಮರುದಿನ ಕೆನೆಶ್ ತನ್ನ ಜೀಪು ತಂದ.

"ಹಗ್ಗ ಕಟ್ಟಿ ಒಂದ್ಸಲ ಎಳೀತೀನಿ ಅತ್ತಿಗೆ. ನಿಮ್ಮ ಹಟ ತೀರ್ಲಿ. ನಾನು ಕೈ ಎತ್ತಿದಾಗ ಕ್ಲಚ್ ಬಿಡಿ."

ಅವನು ಕೈ ಎತ್ತಿದ. ನಾನು ಕಾಲು ಬಿಟ್ಟೆ. ಟ್ರ್ಯಾಕ್ಟರ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಗುಡುಗಿತು ನೋಡಿ! ನಾರಿನ್ ಹೊಳೆಯ ಆಚೆ ದಡದ ನಾಯಿಗಳೂ ಬೊಗಳಿದವು. "ಓಡ್ತೂ!" ಅಂತ ನಾನು ಕೂಗಿದೆ. ಕೆನೆಶ್ ಮುಖ ಸಣ್ಣದು ಮಾಡಿಕೊಂಡು ಹಗ್ಗ ಬಿಚ್ಚಿದ.

ಅಷ್ಟೇ ನನ್ನ ವೈಭವ. ಟ್ರ್ಯಾಕ್ಟರ್ ಹೊರಟಿತು. ಟ್ಯಾಂಕಿನ ಚಿಂದಿ ಹಾರಿ ಡೀಸೆಲ್ ಚಿಮ್ಮಿತು. ಚಿಮ್ಮಿದ್ದು ನೇರ ಕೆನೆಶನ ಬಿಳಿ ಟೋಪಿಗೆ! ಚಕ್ರದ ಬುಡದಿಂದ ಎಣ್ಣೆ ಸುರಿಯುತ್ತಾ ಅಂಗಳದಲ್ಲಿ ಕಪ್ಪು ಗೆರೆ ಎಳೆಯಿತು.

"ನಿಲ್ಲಿಸೀ! ನಿಲ್ಲಿಸೋ ಸರಳು ಎಳೀರಿ!"

ಎಳೆದೆ. ಸರಳು ಕೈಗೇ ಬಂತು. ಅದನ್ನು ಎಂಜಿನ್ನಿಗೆ ಸೇರಿಸಿದ್ದದ್ದು ಅಡುಗೆಮನೆಯಲ್ಲಿ ಸೌಟಾಗಿ ನೇತಾಡುತ್ತಿತ್ತಲ್ಲ!

"ಏನಿಲ್ಲಿದೆ ಎಳೆಯೋಕೆ?" ಅಂತ ಸರಳನ್ನು ಎತ್ತಿ ತೋರಿಸುತ್ತಲೇ ಮೂರು ಸುತ್ತು ಹಾಕಿದೆ. ಕೋಳಿಗಳು ಮಾಡು ಹತ್ತಿದವು. ಕೆನೆಶ್ ಬೇಲಿ ಹತ್ತಿದ. ಅತ್ತೆ ಜಾಗ ಬಿಟ್ಟು ಕದಲಲಿಲ್ಲ.

"ಎಲ್ಲಿಗೆ ಹೊರಟೆ ಸೊಸೇ? ನಿನ್ನೆ ಅಷ್ಟು ತೊಳೆದೆಯಲ್ಲ, ಅದಕ್ಕೆ ಚುರುಕು ಬಂದಿದೆ!"

ನಾಲ್ಕನೆಯ ಸುತ್ತಿಗೆ ಟ್ರ್ಯಾಕ್ಟರ್ ನಮ್ಮ ಬೆರಣಿ ರಾಶಿಗೆ ನುಗ್ಗಿತು. ಚಳಿಗಾಲವಿಡೀ ಉರಿಸಲು ನಾನೇ ತಟ್ಟಿ, ಒಣಗಿಸಿ, ಗೋಡೆಯಂತೆ ಜೋಡಿಸಿದ್ದು. ಗೋಡೆ ನನ್ನ ಮೇಲೆ ಬಿತ್ತು. ಎಂಜಿನ್ ಗೊರಕೆ ಹೊಡೆದು ನಿಂತಿತು. ಕೆನೆಶ್ ಬೆರಣಿ ಬಿಡಿಸಿ ನೋಡಿದಾಗ ನನ್ನ ಕೈಯಲ್ಲಿ ಸರಳು ಹಾಗೇ ಇತ್ತು.

"ಆಯ್ತಾ ಅತ್ತಿಗೆ?" ಅಂದ. ನಗಲಿಲ್ಲ, ಪಾಪ. ಗಡ್ಡದಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಜೀಪಿಗೆ ಕಟ್ಟಿ ಟ್ರ್ಯಾಕ್ಟರನ್ನು ಹೊರಗೆಳೆದ. ಮನೆಯ ಹಿಂದಿನ ಇಳಿಜಾರಿನ ತುದಿಗೆ ಒಯ್ದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ. "ಇಲ್ಲಿಂದ ಲಾರಿಗೆ ಏರಿಸೋದು ಸುಲಭ."

ಅವನು ಹೋದ ಮೇಲೆ ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಅದಕ್ಕೆ ಕಾಯಿಲೇನೇ ಇರ್ಲಿಲ್ಲ. ಬ್ಯಾಟರಿ ಸತ್ತು ಎಷ್ಟೋ ಕಾಲ ಆಯ್ತು. ಮೇಲಿಂದ ಉರುಳಿಸಿದ್ರೆ ತಾನೇ ಶುರುವಾಗೋದು. ನನ್ನ ಮಗ ಜಾಪರ್ ಅಲ್ಲೇ ಯಾಕೆ ನಿಲ್ಲಿಸ್ತಿದ್ದ ಅಂದ್ಕೊಂಡೆ? ನಿನ್ನ ಕಿಟಕಿ ಚಂದ ಅಂತಾನಾ?"

"ಮೊದಲೇ ಹೇಳಬಾರದಿತ್ತಾ ಅತ್ತೆ!"

"ನೀನು ಕೇಳ್ದೆಯಾ? ಕರುಳು ತೊಳೀತೀನಿ ಅಂದೆ, ತೊಳೆದೆ. ನನ್ನ ಮಗ ಇಟ್ಟಿದ್ದನ್ನ ಇಟ್ಟ ಕಡೆ ಇಡು, ಹೋಗು."

ಹೋದೆ. ಮೊಳೆಯಿಂದ ಜಾಲರಿ ತೆಗೆದೆ. ಸೌಟಿನ ಹಿಡಿ ಕಿತ್ತೆ. ಒಣಗಿದ ಉಣ್ಣೆಯ ಮೂಲೆ ಎತ್ತಿಕೊಂಡೆ. ಕೆಟಲಿನ ತಲೆ ಮತ್ತೆ ಬೋಳಾಯಿತು. ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟು ನೋಡಿದರೆ ಅಳತೆ ತೆಗೆದು ಹೊಲಿದ ಹಾಗೆ ಕೂತುಕೊಂಡಿತು. ತಂತಿ ಎಲ್ಲಿ ಬಾಗಬೇಕೋ ಅಲ್ಲೇ ಅವರು ಬಗ್ಗಿಸಿದ ಗುರುತಿತ್ತು. ನಾನು ಅದನ್ನೇ ಹಿಡಿದು ಬಗ್ಗಿಸಿದೆ. ಮೂಗು ಒರೆಸಿಕೊಂಡೆ. ಮುಖವೆಲ್ಲ ಗ್ರೀಸು.

ಮುಗಿಯಿತು ಅಂದುಕೊಂಡರೆ ಕೆಳಗೆ ತೊಟ್ ತೊಟ್! ಬೆರಣಿ ರಾಶಿಯ ಅಡಿಗಲ್ಲಿಗೆ ಬಡಿದು ರೇಡಿಯೇಟರಿನ ನೀರು ಬಿಡುವ ನಲ್ಲಿ ಮುರಿದಿತ್ತು. ನಾನು ಹೊಯ್ದ ನೀರೆಲ್ಲ ನೆಲಕ್ಕೆ. ಚಿಂದಿ ತುರುಕಿದೆ, ನಿಲ್ಲಲಿಲ್ಲ. ಬ್ರೆಡ್ಡಿಗೆ ಕಲಸಿದ ಹಿಟ್ಟು ಮೆತ್ತಿದೆ. ಹಿಟ್ಟು ನೆನೆದು ಜಾರಿತು, ಕೋಳಿ ತಿಂದಿತು. ನನ್ನ ಅಡುಗೆಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು... ಇರಲಿ, ಆಮೇಲೆ ಹೇಳುತ್ತೇನೆ. ಅತ್ತೆ ಊಟವಾದ ಮೇಲೆ ಒಂದು ನಿದ್ದೆ ಮಾಡುತ್ತಾರೆ, ಅಷ್ಟು ತಿಳಿದಿರಲಿ.

ಲಾರಿ ಬಂತು. ಕೆನೆಶ್ ಡ್ರೈವರನ ಪಕ್ಕ ಕೂತು ಕೈ ಬೀಸಿ ದಾರಿ ತೋರಿಸುತ್ತಿದ್ದ. ನಾನು ಟ್ರ್ಯಾಕ್ಟರ್ ಹತ್ತಿದೆ. ಸೀಟಿನ ಗುಂಡಿ ನನಗೆ ದೊಡ್ಡದಾಯಿತು. ಆದರೂ ಅದರೊಳಗೇ ಕೂತೆ. ಕ್ಲಚ್ಚನ್ನೂ ಬ್ರೇಕನ್ನೂ ಒತ್ತಿಕೊಂಡು, ಬಗ್ಗಿ, ಚಕ್ರದ ಕಲ್ಲಿಗೆ ಮೊದಲೇ ಕಟ್ಟಿಟ್ಟಿದ್ದ ಹಗ್ಗ ಎಳೆದೆ. ಕಲ್ಲು ಸರಿಯಿತು, ಬ್ರೇಕ್ ಬಿಟ್ಟೆ. ಚಕ್ರ ಉರುಳಿತು. ಎದುರಿಗೆ ನನ್ನ ಅಡುಗೆಮನೆಯ ಕಿಟಕಿ ದೊಡ್ಡದಾಗುತ್ತಾ ಬಂತು. ಬೋಳು ಕೆಟಲ್ ಕಾಣಿಸಿತು. ಕಣ್ಣು ಮುಚ್ಚಿ ಕ್ಲಚ್ ಬಿಟ್ಟೆ. ಗುಡುಗಿತು! ತಿರುಗಿಸಿದೆ! ಕಿಟಕಿ ಉಳಿಯಿತು, ಬೇಲಿಯ ಒಂದು ಕಂಬ ಹೋಯಿತು.

ಲಾರಿಯ ಪಕ್ಕದಲ್ಲೇ ಹಾದು ಹೋದೆ. ಕೆನೆಶನ ಬೀಸುವ ಕೈ ಗಾಳಿಯಲ್ಲೇ ನಿಂತಿತ್ತು.

ಹುಲ್ಲುಗಾವಲಿನಲ್ಲಿ ಸರಳು ಎಳೆದೆ. ಸೌಟಿನ ಹಿಡಿ ಹಿಡಿಯಿತು. ಎಂಜಿನ್ ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಾಯಿತು. ಹಿಂದೆಯೇ ಬಂದ ಕೆನೆಶ್ ಕೊಯ್ಯುವ ಅಲಗು ಕಟ್ಟಿದ. ಜೀಪಿಗೆ ಹಗ್ಗ ಸಿಕ್ಕಿಸಿ ಎಳೆದು ಮತ್ತೆ ಶುರು ಮಾಡಿಕೊಟ್ಟ. ಸಂಜೆಯವರೆಗೆ ಕೊಯ್ದೆ. ಸಾಲು ಹಾವು ಹರಿದ ಹಾಗಿತ್ತು. ಹಸುವಿಗೆ ಸಾಲು ಕಟ್ಟಿಕೊಂಡು ಏನಾಗಬೇಕು!

ಮನೆಗೆ ಬಂದು ಟ್ರ್ಯಾಕ್ಟರನ್ನು ಇಳಿಜಾರಿನ ಮೇಲೇ ನಿಲ್ಲಿಸಿದೆ. ಕಿಟಕಿಗೆ ಗುರಿಯಿಟ್ಟು. ರೇಡಿಯೇಟರಿನ ಕೆಳಗೆ ಒಂದು ತೊಟ್ಟು ನೀರೂ ಸೋರುತ್ತಿರಲಿಲ್ಲ. ಒಳಗೆ ಬಂದರೆ ಹಲಗೆ ನೆಲದ ಮೇಲೆ ಟಕ್, ಟಕ್.

"ಸೊಸೇ, ನನ್ನ ಕೋಲು ಜಾರ್ತಿದೆ. ಇದರ ತುದಿಯ ರಬ್ಬರ್ ಟೊಪ್ಪಿ ಎಲ್ಲಿ?"

"ಅಯ್ಯೋ, ಎಲ್ಲಿ ಬಿತ್ತೋ ಏನೋ! ಇರಿ ಅತ್ತೆ, ಹುಡುಕ್ತೀನಿ."

ಮೊಣಕಾಲೂರಿದೆ. ಪೆಟ್ಟಿಗೆಯ ಕೆಳಗೆ ಭುಜದವರೆಗೆ ಕೈ ಹಾಕಿದೆ. ಚೆನ್ನಾಗಿ ಹುಡುಕಿದೆ, ಇಷ್ಟು ಶ್ರದ್ಧೆಯಿಂದ ನಾನು ಏನನ್ನೂ ಹುಡುಕಿದವಳಲ್ಲ. ಮುಖಕ್ಕೆ ಜೇಡರ ಬಲೆ ಮೆತ್ತಿಕೊಂಡು ಎದ್ದು ಹೇಳಿದೆ:

"ಆಡು ನುಂಗಿರ್ಬೇಕು ಅತ್ತೆ."

ಅತ್ತೆ ಕೈ ಚಾಚಿ ನನ್ನ ಹಣೆಯ ಮೇಲಿನ ಬಲೆ ತೆಗೆದರು.

"ಜಾಪರನೂ ಮೊದಲು ಆ ಪೆಟ್ಟಿಗೆ ಕೆಳಗೇ ಕೈ ಹಾಕ್ತಿದ್ದ" ಅಂದರು. "ಆದ್ರೆ ಆಡು ಅನ್ನುವಾಗ ಅವನಿಗೆ ನಗು ಬರ್ತಿರ್ಲಿಲ್ಲ. ನೀನಿನ್ನೂ ಕಲೀಬೇಕು."