ಕಂಡ ಮೇಲೆ ಹೇಳುತ್ತೇನೆ

ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಸಂಗತಿಯನ್ನು ನನ್ನ ಸೋದರಮಾವ ಇವತ್ತಿನವರೆಗೂ ಒಪ್ಪಿಲ್ಲ. ಹಾಗೆಂದು ಅಲ್ಲಗಳೆದೂ ಇಲ್ಲ. ಲೋಕಲ್ ಟ್ರೇನು ಅಲ್ಲಿಯವರೆಗೆ ಹೋಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ವಿಷಯ ತೀರ್ಮಾನವಾಗದೆ ಉಳಿದಿದೆ. ಹಾರ್ಬರ್ ಲೈನನ್ನು ಇನ್ನೊಂದು ಚೂರು ಉದ್ದ ಮಾಡಿಬಿಟ್ಟರೆ ಸಾಕು, ಮಾವ ಬೆಳಿಗ್ಗೆ ಹೋಗಿ, ಕಣ್ಣಾರೆ ನೋಡಿ, ಸಂಜೆಯ ಚಹಾದ ಹೊತ್ತಿಗೆ ಚೆಂಬೂರಿಗೆ ಮರಳಿ ಆ ಕಡತವನ್ನು ಮುಚ್ಚಿಬಿಡುತ್ತಾರೆ!

ಎಪ್ಪತ್ತೈದು ದಾಟಿದ ಮಾವ ಇಲ್ಲಿಯ ಒಂದು ರಿಫೈನರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ದೊಡ್ಡ ದೊಡ್ಡ ಟ್ಯಾಂಕುಗಳ ನೆತ್ತಿಗೆ ಏಣಿ ಹತ್ತುವುದು, ಅಳತೆಯ ಟೇಪನ್ನು ಒಳಗೆ ಇಳಿಬಿಡುವುದು, ಎಣ್ಣೆ ಎಲ್ಲಿಯವರೆಗೆ ಇದೆಯೆಂದು ನೋಡಿ ಬರೆಯುವುದು, ಇದು ಅವರ ಕೆಲಸ. ಕೆಳಗೆ ಫ್ಯಾನಿನಡಿ ಕೂತವರಿಗೂ ಮೀಟರು ಅದನ್ನೇ ತೋರಿಸುತ್ತಿತ್ತಂತೆ. ಮಾವ ಒಪ್ಪಬೇಕಲ್ಲ! "ಮೀಟರು ಹೇಳ್ತದೆ, ಸರಿ. ಕಂಡದ್ದು ಯಾರು?" ಎಂದು ಕೇಳಿ ಜಡಿಮಳೆಯಲ್ಲೂ ಏಣಿ ಹತ್ತುತ್ತಿದ್ದರಂತೆ.

ನಿವೃತ್ತರಾದ ಮೇಲೆ ಟ್ಯಾಂಕುಗಳು ಕೈತಪ್ಪಿದವು. ದಿನಪತ್ರಿಕೆ ಸಿಕ್ಕಿತು. ರಾಜಕೀಯ, ಕ್ರಿಕೆಟ್ಟು ಅವರಿಗೆ ಬೇಡ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ವಿಚಿತ್ರ ಸುದ್ದಿ ಇರುತ್ತದಲ್ಲ, ಅದು ಬೇಕು. ಅದನ್ನು ಓದಿ ನಾವು ನೀವು "ಹೀಗೂ ಉಂಟೇ" ಎಂದು ಪುಟ ತಿರುಗಿಸುತ್ತೇವೆ. ಮಾವ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ಯಾರು ಏನು ಕೇಳಿದರೂ ಒಂದೇ ಉತ್ತರ: "ಕಂಡ ಮೇಲೆ ಹೇಳ್ತೇನೆ."

ಇದಕ್ಕಾಗಿ ಅವರಲ್ಲೊಂದು ಉದ್ದನೆಯ ಪುಸ್ತಕವಿದೆ. ಸುದ್ದಿ, ಸ್ಥಳ, ಹೋದ ದಿನ, ಷರಾ ಎಂದು ಗೆರೆ ಹಾಕಿದ ನಾಲ್ಕು ಅಂಕಣಗಳು. ಷರಾದಲ್ಲಿ ಮೂರೇ ಬಗೆ: ಕಂಡೆ, ಕಾಣಲಿಲ್ಲ, ಭಾಗಶಃ ಕಂಡೆ.

ಘಾಟ್ಕೋಪರಿನಲ್ಲಿ ಒಂದು ಕಾಗೆ ಎಡಗಾಲಿನ ಚಪ್ಪಲಿಗಳನ್ನು ಮಾತ್ರ ಕದಿಯುತ್ತದೆ ಎಂಬ ಸುದ್ದಿ ಬಂತು. ಮಾವ ಅಲ್ಲಿಗೆ ಹೋಗಿ, ತಮ್ಮ ಚಪ್ಪಲಿಗಳನ್ನು ಮರದಡಿ ಬಿಟ್ಟು, ಬೆಂಚಿನ ಮೇಲೆ ಕಾದು ಕೂತರು. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಕಣ್ಣು ಹತ್ತಿತು. ಅವತ್ತಿನ ಷರಾ ಹೀಗಿದೆ: "ಭಾಗಶಃ ಕಂಡೆ. ಚಪ್ಪಲಿ ಹೋದದ್ದು ನಿಜ. ಎರಡೂ ಹೋಗಿವೆ. ಕಾಗೆಯನ್ನು ದೂರಲು ಆಧಾರವಿಲ್ಲ." ಬರಿಗಾಲಲ್ಲಿ ಬಂದ ಗಂಡನನ್ನು ನೋಡಿ ಅತ್ತೆ ಮಾತೇ ಆಡಲಿಲ್ಲ. ಆಡಿ ಏನು ಪ್ರಯೋಜನ? ಉಪ್ಪು ಮುಗಿಯಿತೆಂದು ಹೇಳಿದರೂ ಡಬ್ಬಿಯ ಮುಚ್ಚಳ ತೆಗೆದು ನೋಡಿಯೇ ಅಂಗಡಿಗೆ ಹೋಗುವ ಮನುಷ್ಯನ ಜೊತೆ ಐವತ್ತು ವರ್ಷ ಸಂಸಾರ ಮಾಡಿದವರು ಅವರು.

ಮುಲುಂಡಿನ ಆಡಿನದು ಇನ್ನೊಂದು ಕತೆ. ಒಂದು ಬಿಲ್ಡಿಂಗಿನಲ್ಲಿ ಸಾಕಿದ ಆಡು ಲಿಫ್ಟಿನಲ್ಲಿ ಒಬ್ಬಂಟಿಯಾಗಿ ಏಳನೇ ಮಹಡಿಗೆ ಹೋಗುತ್ತದೆಂದು ಪತ್ರಿಕೆ ಬರೆದಿತ್ತು. ಗೇಟಿನ ವಾಚ್‌ಮನ್ ಎಂದಿನಂತೆ ರಿಜಿಸ್ಟರು ಮುಂದಿಟ್ಟ. "ಯಾರನ್ನು ಭೇಟಿಯಾಗಬೇಕು" ಎಂಬ ಜಾಗದಲ್ಲಿ ಮಾವ "ಬಕ್ರಿ" ಎಂದು ಬರೆದರು. ವಾಚ್‌ಮನ್ ಸೆಕ್ರೆಟರಿಯನ್ನು ಕರೆದ. ಸೆಕ್ರೆಟರಿ ನನಗೆ ಫೋನು ಮಾಡಿದರು. ಯಾರಾದರೊಬ್ಬರ ಹೆಸರು ಬರೆದು ಒಳಗೆ ಹೋಗಬಾರದಿತ್ತೇ ಎಂದು ನಾನು ಗದರಿದರೆ ಮಾವನಿಗೆ ನಿಜವಾಗಿಯೂ ಬೇಸರವಾಯಿತು.

"ರಿಜಿಸ್ಟರಿನಲ್ಲಿ ಸುಳ್ಳು ಬರೀಲಿಕ್ಕುಂಟಾ ಅಳಿಯ? ನಾನು ನೋಡ್ಲಿಕ್ಕೆ ಬಂದದ್ದು ಆಡನ್ನೇ ಅಲ್ಲವಾ?"

ಕೊನೆಗೆ ಆಡಿನ ಜೊತೆ ಒಂದೇ ಲಿಫ್ಟಿನಲ್ಲಿ ಏಳನೇ ಮಹಡಿಗೆ ಹೋಗಿ ಬಂದರು. ಷರಾ: "ಭಾಗಶಃ ಕಂಡೆ. ಆಡು ತಾನೇ ಹತ್ತಿತು, ತಾನೇ ಇಳಿಯಿತು. ಗುಂಡಿ ಒತ್ತಿದ್ದು ವಾಚ್‌ಮನ್." ಇದು ನಡೆದದ್ದು ಮಂಗಳವಾರ ಎಂದು ನನ್ನ ನೆನಪು. ಗುರುವಾರ ಎಂದು ಹೆಂಡತಿ ಹೇಳುತ್ತಾಳೆ. ಪುಸ್ತಕ ತೆಗೆದು ನೋಡಿದರೆ ಶನಿವಾರ!

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನೂ ಸಂಶಯದ ಮನುಷ್ಯನೇ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ, ಎದುರಿಗಿರುವ ಮೇಜು ನಿಜವಾಗಿಯೂ ಇದೆಯೇ ಎಂದು ಕೇಳುವುದನ್ನು ಕಲಿತವನು. ಈಗ ಬಾಂದ್ರಾದ ಒಂದು ವಿಮಾ ಕಚೇರಿಯಲ್ಲಿ ಅಂಥದ್ದೇ ಮೇಜಿನ ಮುಂದೆ ಕೂತು ಜನರ ಕ್ಲೇಮುಗಳನ್ನು ಅನುಮಾನಿಸುತ್ತೇನೆ. ಸಾಕ್ಷಿಯಿಲ್ಲ, ಕಾಗದವಿಲ್ಲ ಎಂದರೆ ಅರ್ಜಿ ತಿರಸ್ಕೃತ. ನನ್ನ ಕೆಲಸವನ್ನೂ ಕಂಡೇ ತಿಳಿಯಬೇಕೆಂದು ಮಾವ ಒಂದು ದಿನ ಕಚೇರಿಗೆ ಬಂದು ಅರ್ಧ ದಿನ ನನ್ನ ಪಕ್ಕ ಕೂತರು. ತೆಂಗಿನಕಾಯಿ ಬಿದ್ದು ಕಾರು ಜಜ್ಜಿತೆಂಬ ಕ್ಲೇಮನ್ನು ನಾನು ತಿರಸ್ಕರಿಸುತ್ತಿದ್ದೆ. ಫೋಟೋದಲ್ಲಿ ಕಾರಿತ್ತು, ಮರವಿರಲಿಲ್ಲ.

"ಬೆಳಗ್ಗಿನಿಂದ ನೀನು ಕುರ್ಚಿ ಬಿಟ್ಟು ಏಳ್ಳೇ ಇಲ್ಲವಲ್ಲ ಮಾರಾಯ. ಮರ ಉಂಟಾ ಇಲ್ವಾ ಅಂತ ನಿನಗೆ ಹೇಗೆ ಗೊತ್ತಾಗುವುದು?" ಎಂದು ಕೇಳಿ, ವಿಳಾಸ ಬರೆದುಕೊಂಡು ಎದ್ದು ಹೋದರು. ಸಂಜೆ ಫೋನು ಬಂತು. ಮರ ಉಂಟು, ಕಾಯಿ ಉಂಟು, ನಿಂತು ನೋಡುವಾಗಲೇ ಒಂದು ಬಿತ್ತು, ತಲೆ ಸ್ವಲ್ಪದರಲ್ಲಿ ಉಳಿಯಿತು ಎಂಬ ವರದಿ. ಕಡತ ಮತ್ತೆ ತೆರೆಯಬೇಕಾಯಿತು. ನಾನೇ ಸ್ಥಳಕ್ಕೆ ಹೋಗಿದ್ದೆನೆಂದು ಭಾವಿಸಿದ ಮ್ಯಾನೇಜರು ಎಲ್ಲರ ಮುಂದೆ ಹೊಗಳಿದರು. ನಾನು ತಿದ್ದಲಿಲ್ಲ. ಅವರ ನಂಬಿಕೆಯನ್ನು ಅನುಮಾನಿಸುವುದು ನನ್ನ ಕೆಲಸವೇ?

ಮಾವನ ಈ ಚಾಳಿ ಒಂದು ಸಲವಾದರೂ ಉಪಕಾರಕ್ಕೆ ಬಂದಿದೆ. ಡೊಂಬಿವಲಿಯ ನಮ್ಮ ಹಿರಿಯ ನೆಂಟರೊಬ್ಬರು ತೀರಿಕೊಂಡರೆಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಹತ್ತೇ ನಿಮಿಷದಲ್ಲಿ ಕೈಮುಗಿದ ಚಿತ್ರಗಳ ರಾಶಿ. ನಾನೂ ಒಂದು ಹಾಕಿದೆ, ಸಂಶಯವಾದಿಯಾದ ನಾನು! ಮಾವ ಮಾತ್ರ "ಕಂಡ ಮೇಲೆ ಹೇಳುತ್ತೇನೆ" ಎಂದು ಬರೆದು ಹೊರಟರು. ಎಂಥ ಕಲ್ಲುಹೃದಯ ಎಂದು ಎಲ್ಲರೂ ಬೈದುಕೊಂಡೆವು. ಎರಡು ಗಂಟೆಯ ನಂತರ ಅವರ ಸಂದೇಶ: "ಕಂಡೆ. ಬನಿಯನ್ ಹಾಕಿಕೊಂಡು ಅವರೇ ಬಾಗಿಲು ತೆಗೆದರು. ಚಹಾ ಕೊಟ್ಟರು. ಸಕ್ಕರೆ ಕಡಿಮೆ."

ಇಂಥ ಮಾವನ ಮುಂದೆ ನಾನು ಆ ಮಾತು ತೆಗೆಯಬಾರದಿತ್ತು.

ಮಾವ, ಅತ್ತೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ದಿನ. ಸೈಕಲ್ ಕಲಿಯುತ್ತಿದ್ದ ಮಗಳು ಬಿದ್ದು ಮೊಣಕಾಲು ತರಚಿಕೊಂಡು ಮುಖ ಊದಿಸಿ ಕೂತಿದ್ದಳು. ಸಮಾಧಾನಕ್ಕೆಂದು ಅವಳ ಅಜ್ಜಿಯ, ಅಂದರೆ ನನ್ನ ಅಮ್ಮನ, ಒಂದು ನೆನಪು ಹೇಳಿದೆ. ನನಗಾಗ ಆರೋ ಏಳೋ ವರ್ಷ. ನಾವು ಜೋಗೇಶ್ವರಿಯ ಒಂದು ಚಾಳಿನ ಸಾಲುಮನೆಯಲ್ಲಿದ್ದೆವು. ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ, ಅಮ್ಮ ಮನೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಹೋಟೆಲುಗಳಿಗೆ ಕೊಡುತ್ತಿದ್ದಳು. ಅಂಥ ಅಮ್ಮ ಚಾಳಿನ ಟೆರೇಸಿನ ಮೇಲೆ ಸೈಕಲ್ ಹೊಡೆಯುತ್ತ, ಸುತ್ತು ಹಾಕುತ್ತ, ಬಾಯ್ತುಂಬ ನಗುತ್ತಿದ್ದಾಳೆ. ಇಷ್ಟೇ ನೆನಪು.

ಇದು ನನಗೆ ಎಷ್ಟು ದೊಡ್ಡದೆಂದು ಹೇಳಬೇಕಾದರೆ ಅಮ್ಮನನ್ನು ನೀವು ನೋಡಿರಬೇಕಿತ್ತು. ಅವಳು ನಗುತ್ತಲೇ ಇರಲಿಲ್ಲ. ನಗು ಬಂದರೂ ಸೆರಗು ಬಾಯಿಗೆ ಹೋಗುತ್ತಿತ್ತು. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಅವಳ ನಗು ಎಂದು ನನ್ನಲ್ಲಿ ಉಳಿದಿರುವುದು ಆ ಸೈಕಲ್ಲಿನ ಮೇಲಿನದು ಒಂದೇ. ಅದೂ ನಿಜವೋ, ನಾನೇ ಕಟ್ಟಿಕೊಂಡದ್ದೋ? ಹಿಂದೊಮ್ಮೆ ಅಣ್ಣನನ್ನು ಕೇಳಿದಾಗ, ಸ್ಕೂಟರಿನ ಹಿಂದೆ ಕೂರಲೂ ಹೆದರುತ್ತಿದ್ದವಳು ಸೈಕಲ್ ಹೊಡೆದಳೇ ಎಂದು ಫೋನಿನಲ್ಲೇ ನಕ್ಕುಬಿಟ್ಟಿದ್ದ.

ಮಗಳು ಕಣ್ಣರಳಿಸಿದಳು. "ಅಜ್ಜಿ ಸೈಕಲ್ ಚಲಾಯಿಸ್ತಿದ್ರಾ? ಸಚ್ಚಿ? ಅಜ್ಜ, ನೀವು ನೋಡಿದ್ದು ಉಂಟಾ?"

ಮಾವ ಸಾರನ್ನದಿಂದ ತಲೆ ಎತ್ತಲಿಲ್ಲ.

"ಆ ಚಾಳಿಗೆ ಟೆರೇಸೇ ಇರಲಿಲ್ಲ. ಹಂಚಿನ ಮಾಡು. ಅದರ ಮೇಲೆ ಸೈಕಲ್ ಹೊಡೀಲಿಕ್ಕೆ ಅಕ್ಕ ಎಂತ ಸರ್ಕಸ್ಸಿನವಳಾ?" ಆಮೇಲೆ ಅನ್ನ ಕಲಸುತ್ತ ಹೇಳಿದರು: "ಸೈಕಲ್ಲಿನ ಮೇಲೆ ಅಕ್ಕ ನಗುವುದನ್ನು ನಾನು ನೋಡ್ಲಿಲ್ಲ."

ಹೌದಲ್ಲ, ಹಂಚಿನ ಮಾಡು! ಮಳೆಗಾಲದಲ್ಲಿ ಸೋರುವಲ್ಲಿ ಪಾತ್ರೆಯಿಡುತ್ತಿದ್ದದ್ದು ನನಗೇ ನೆನಪಿದೆ. ಸ್ಥಳ ಸುಳ್ಳು, ಒಡಹುಟ್ಟಿದ ತಮ್ಮನೂ ಕಂಡಿಲ್ಲ. ನನ್ನದೇ ಕಚೇರಿಗೆ ಈ ಕ್ಲೇಮು ಬಂದಿದ್ದರೆ ನಾನೇ ಎರಡು ನಿಮಿಷದಲ್ಲಿ ತಿರಸ್ಕರಿಸುತ್ತಿದ್ದೆ.

ಅದಾದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಮಾವ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದರು. "ಹೊರಡು. ಜೋಗೇಶ್ವರಿಗೆ." ಯಾಕೆಂದರೆ ಹೇಳಲಿಲ್ಲ. ವಡಾಲಾದಲ್ಲಿ ಗಾಡಿ ಬದಲಿಸುವಾಗ ಮತ್ತೆ ಕೇಳಿದೆ. ಕಂಡ ಮೇಲೆ ಹೇಳುತ್ತಾರಂತೆ.

ಚಾಳಿದ್ದಲ್ಲಿ ಈಗ ಇಪ್ಪತ್ತೆರಡು ಮಹಡಿಯ ಟವರು. ಪಕ್ಕದಲ್ಲಿ ಸಣ್ಣ ಕಾರ್ಖಾನೆಗಳ ಹಳೆಯ ಕಾಂಪೌಂಡು ಮಾತ್ರ ಹಾಗೇ ಇತ್ತು. ಭಾನುವಾರವಾದ್ದರಿಂದ ಎಲ್ಲ ಶಟರುಗಳೂ ಕೆಳಗೆ. ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರು ಕೊಟ್ಟ, ಮಾವ ಏನೋ ಬರೆದರು, ಒಳಗೆ ಹೋದೆವು. ಅಗಲವಾದ ಸಿಮೆಂಟಿನ ಅಂಗಳ, ಮೂಲೆಯಲ್ಲಿ ದೊಡ್ಡ ನೀರಿನ ಟಾಕಿ. ನಾನು ಅಲ್ಲೇ ನಿಂತುಬಿಟ್ಟೆ. ಸಿಮೆಂಟಿನ ನೆಲ, ನೀರಿನ ಟಾಕಿ! ಇವೆರಡನ್ನೂ ಇಟ್ಟುಕೊಂಡು ನನ್ನ ನೆನಪು ಅದೆಲ್ಲೋ ಒಂದು ಟೆರೇಸು ಕಟ್ಟಿಬಿಟ್ಟಿತ್ತು.

"ಎಲ್ಲಿ ನಿಂತಿದ್ದೆ?" ಎಂದರು ಮಾವ.

ಯೋಚಿಸಲಿಲ್ಲ. ಕಾಲು ತಾನಾಗಿ ಟಾಕಿಯ ಹಿಂದಕ್ಕೆ ಹೋಯಿತು. ಅಮ್ಮ ಭಾನುವಾರ ಎಲ್ಲಿಗೆ ಹೋಗುತ್ತಾಳೆಂದು ಕದ್ದು ನೋಡಲು ಅವತ್ತು ಬಂದಿದ್ದವನು ನಾನು. ಅಲ್ಲಿಂದ ತಿರುಗಿ ನೋಡಿದರೆ, ಮಾವ ಸೊಂಟ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡು ಅಂಗಳಕ್ಕೆ ಸುತ್ತು ಬರುತ್ತಿದ್ದಾರೆ! ಮೊಣಕಾಲು ನೋವಿನ ಮನುಷ್ಯ, ಅರ್ಧ ನಡಿಗೆ, ಅರ್ಧ ಓಟ. ಬೀಡಿ ಹಚ್ಚುತ್ತಿದ್ದ ವಾಚ್‌ಮನ್ ಕಡ್ಡಿ ಗೀರಿ ಹಾಗೇ ಹಿಡಿದುಕೊಂಡಿದ್ದ.

"ಹೀಗೆ ಬರುವಾಗ ನಿನಗೆ ಎಂತ ಕಾಣ್ತಿತ್ತು?" ಏದುಸಿರಿನಲ್ಲಿ ಕೇಳಿದರು.

ಆಗ ನನಗೆ ಹೊಳೆಯಿತು. "ಮಾವ, ಸೈಕಲ್ ಹಿಡಿದದ್ದು ನೀವಾ?"

"ಮತ್ಯಾರು ಹಿಡೀಬೇಕು? ಹಪ್ಪಳದ ಚೀಲ ಹೊತ್ತು ಹೊತ್ತು ಅಕ್ಕನ ಭುಜ ಹೋಗಿತ್ತು, ಸೈಕಲ್ ಕಲಿತರೆ ಅದರಲ್ಲಿ ಒಯ್ಯಬಹುದು ಅಂತ. ನಾಲ್ಕು ಭಾನುವಾರ ಚೆಂಬೂರಿನಿಂದ ಬಂದು, ಬಾಡಿಗೆ ಸೈಕಲ್ ತಂದು, ಹಿಂದೆ ಓಡಿದ್ದೇನೆ. ಯಾರಿಗೂ ಹೇಳಬೇಡ ಅಂದಿದ್ದಳು. ನೀನು ನೋಡು, ಅಷ್ಟು ಓಡಿದ ನನ್ನನ್ನೇ ಮರೆತುಬಿಟ್ಟಿದ್ದಿ."

ನಿಜ. ನನ್ನ ನೆನಪು ಇಲ್ಲದ ಟೆರೇಸನ್ನು ಸೇರಿಸಿ, ಇದ್ದ ಮಾವನನ್ನು ಅಳಿಸಿಹಾಕಿತ್ತು. ಹಾಗಾದರೆ ಅವತ್ತು ಊಟದಲ್ಲಿ ನೋಡಿಲ್ಲ ಎಂದದ್ದು ಯಾಕೆ?

"ನೋಡ್ಲಿಲ್ಲ ಅಳಿಯ. ನಾನು ಹಿಂದೆ ಅಲ್ಲವಾ ಇದ್ದದ್ದು? ನನಗೆ ಕಂಡದ್ದು ಅವಳ ಬೆನ್ನು. ನಾಲ್ಕನೇ ಭಾನುವಾರ ಭುಜ ಎರಡೂ ಕುಲುಕುತ್ತಿತ್ತು. ಹೆದರಿ ಅಳ್ತಿದ್ದಾಳೆ ಅಂತ ಗ್ರಹಿಸಿದೆ. ಸಾಕು ಅಕ್ಕ ಅಂತ ನಿಲ್ಲಿಸಿದೆ, ಸೈಕಲ್ ವಾಪಸು ಕೊಟ್ಟೆ. ಮತ್ತೆ ಬರಲಿಲ್ಲ. ಅವಳೂ ಕರೀಲಿಲ್ಲ. ಅಳ್ತಿದ್ದಿಯಾ ಅಂತ ಅಕ್ಕನ ಹತ್ತಿರ ಕೇಳ್ಲಿಕ್ಕೆ ಆಗ್ತದಾ?" ಮಾವ ಟಾಕಿಗೆ ಕೈಯೂರಿ ನಿಂತರು. "ಮುಂದೆ ಹೋಗಿ ಒಂದು ಸಲ ಮುಖ ನೋಡ್ಬಹುದಿತ್ತು. ನೋಡ್ಲಿಲ್ಲ. ಆಮೇಲೆ ಅವಳು ಎಷ್ಟು ವರ್ಷ ಚೀಲ ಹೊತ್ತು ನಡೆದಳು, ನಿನಗೇ ಗೊತ್ತುಂಟು."

ಮಗಳನ್ನು ಸಮಾಧಾನ ಮಾಡಲು ನಾನು ಹೇಳಿದ ಒಂದು ಮಾತಿಗೆ ಮಾವ ಇಡೀ ವಾರ ನಿದ್ದೆಗೆಟ್ಟಿದ್ದರೆಂದು ನನಗೀಗ ತಿಳಿಯಿತು.

"ನಗುತ್ತಿದ್ದಳು ಮಾವ."

"ಸರಿಯಾಗಿ ಹೇಳು. ಮೊನ್ನೆ ಟೆರೇಸು ಅಂದವ ನೀನು."

ನಾನು ಕಣ್ಣು ಮುಚ್ಚಿದೆ. "ಬಾಯಿ ಪೂರ್ತಿ ತೆರೆದಿತ್ತು. ಎರಡೂ ಕೈ ಹ್ಯಾಂಡಲಿನ ಮೇಲೆ, ಸೆರಗು ತರಲಿಕ್ಕೆ ಆಗುತ್ತಿರಲಿಲ್ಲ. ಮೇಲಿನ ಎಡಗಡೆ ಒಂದು ಹಲ್ಲು ಇರಲಿಲ್ಲ. ಆ ಸಂದು ಕಾಣುತ್ತಿತ್ತು."

ಆ ಹಲ್ಲನ್ನು ಕೀಳಿಸಲು ಅವಳನ್ನು ಕರೆದುಕೊಂಡು ಹೋದವರು ಮಾವನೇ ಅಂತೆ. ಅದೇ ವರ್ಷ, ಸೈಕಲ್ಲಿಗೆ ಸ್ವಲ್ಪ ಮೊದಲು. ಆರು ತಿಂಗಳಲ್ಲಿ ಬೇರೆ ಹಲ್ಲು ಕಟ್ಟಿಸಿದರಂತೆ. ಸೆರಗು ಅಡ್ಡ ಹಿಡಿಯದೆ ಬಾಯಿ ತೆರೆಯದ ಅಮ್ಮನ ಆ ಸಂದನ್ನು ತಮ್ಮನ್ನೂ ಡಾಕ್ಟರನ್ನೂ ಬಿಟ್ಟು ಯಾರೂ ಕಂಡಿರಲಿಕ್ಕಿಲ್ಲ ಎಂದರು.

ಆಮೇಲೆ ಪುಸ್ತಕ ತೆರೆದರು. ಸುದ್ದಿಯ ಅಂಕಣದಲ್ಲಿ "ಅಕ್ಕನ ನಗು" ಎಂದು ಬರೆದರು. ಸ್ಥಳ, ದಿನ ಬರೆದರು. ಷರಾಕ್ಕೆ ಬಂದಾಗ ಪೆನ್ನು ನಿಂತಿತು. ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ನೀನೇ ಬರಿ" ಎಂದರು. ನಾನು "ಕಂಡೆ" ಎಂದು ಬರೆದು ಸಹಿ ಹಾಕಿದೆ.

ಗೇಟಿನಲ್ಲಿ ಹೊರಹೋಗುವ ಸಮಯ ಬರೆಯಲು ರಿಜಿಸ್ಟರು ತೆಗೆದಾಗಲೇ ನಾನು ನೋಡಿದ್ದು. ಯಾರನ್ನು ಭೇಟಿಯಾಗಬೇಕು ಎಂಬಲ್ಲಿ ಮಾವ ಕನ್ನಡದಲ್ಲಿ "ಅಕ್ಕ" ಎಂದು ಬರೆದಿದ್ದರು. ಅದನ್ನು ಓದಲಾಗದ ವಾಚ್‌ಮನ್ ಹುಡುಕಿ ಬಂದವರು ಸಿಕ್ಕಿದರೇ ಎಂದು ಸುಮ್ಮನೆ ಉಪಚಾರಕ್ಕೆ, "ಮಿಲ್ ಗಯೇ ಕ್ಯಾ, ಅಂಕಲ್?" ಎಂದು ಕೇಳಿದ.

"ಹಾಂ, ಮಿಲೀ" ಎಂದರು ಮಾವ. ಎರಡು ಹೆಜ್ಜೆ ಹೋಗಿ ತಿರುಗಿ, ಕನ್ನಡದ ಒಂದಕ್ಷರ ಬಾರದ ಆ ಮನುಷ್ಯನಿಗೆ ಕನ್ನಡದಲ್ಲೇ ಹೇಳಿದರು: "ತುಂಬ ನಗ್ತಾ ಇದ್ದಳು."

ತಾವು ಕಾಣದ ಸಂಗತಿಗೆ ಮಾವ ಸಾಕ್ಷಿ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವತ್ತು ಭಾನುವಾರ. ಅದರಲ್ಲಿ ನನಗೆ ಅನುಮಾನವಿಲ್ಲ.