ಉಪ್ಪುದಿಬ್ಬದ ಮೇಲಿನ ಪರಿಸರಪ್ರೇಮ

ಬಹಳ ಹಿಂದೆ, ಎಂದರೆ ನಿನ್ನೆ ಮೊನ್ನೆಯ ಪತ್ರಿಕೆ ರದ್ದಿಗೆ ಹೋಗುವುದಕ್ಕೆ ಸ್ವಲ್ಪ ಮುಂಚೆ, ಒಂದು ರಾಜ್ಯವಿತ್ತು. ಅದರಲ್ಲಿ ಏಳು ಬೆಟ್ಟಗಳ ರಾಷ್ಟ್ರೀಯ ಉದ್ಯಾನ. ಉದ್ಯಾನದಲ್ಲಿ ಲೋಕದ ಬೇರೆಲ್ಲೂ ಇಲ್ಲದ ಹನ್ನೊಂದು ಮಂಜುಮೇಕೆಗಳು. ಮೂರನೆಯ ಬೆಟ್ಟದ ಉಪ್ಪುಮಣ್ಣಿನ ದಿಬ್ಬವನ್ನು ನೆಕ್ಕಲು ಅವು ದಿನವೂ ಇಳಿಯುತ್ತಿದ್ದವು. ಆ ಬೆಟ್ಟದ ಕಾಡಿನೊಳಗೇ ಹಾಡಿ ಕಟ್ಟಿಕೊಂಡಿದ್ದ ಬುಡಕಟ್ಟಿನ ಜನ ಆ ದಿಬ್ಬವನ್ನು ತುಳಿಯದೆ ಬಳಸಿಕೊಂಡು ಹೋಗುತ್ತಿದ್ದರು. ಮಳೆಗಾಲ ಕಳೆದ ಮೇಲೆ ಒಬ್ಬರು ಮಾತ್ರ ಬರಿಗಾಲಲ್ಲಿ ಹತ್ತಿ, ಗಟ್ಟಿಯಾದ ಮಣ್ಣನ್ನು ಕೋಲಿನಿಂದ ಸಡಿಲಿಸಿ ಬರಬೇಕು. ಆ ಕೆಲಸ ಕೇತಮ್ಮನ ಅವ್ವನದಾಗಿತ್ತು, ಈಗ ಕೇತಮ್ಮನದು.

ಪರ್ಣಕೀರ್ತಿ ಮಹಾರಾಜರಿಗೆ ಒಂದು ಬೆಳಿಗ್ಗೆ ಪ್ರಕೃತಿಯ ಮೇಲೆ ಪ್ರೀತಿ ಉಕ್ಕಿತು. ಉಕ್ಕಿದ ಪ್ರೀತಿ ಕಾಂಕ್ರೀಟು ಹಾಕದೆ ನಿಲ್ಲುವುದಿಲ್ಲವೆಂದು ಸುಸ್ಥಿರಾಭಿವೃದ್ಧಿ ಮಂತ್ರಿ ಚಾಟುಸೇನನು ಬಿನ್ನವಿಸಿದನು. ಇಕೋ-ಲಾಡ್ಜಿಗೆ ಅಪ್ಪಣೆಯಾಯಿತು. ಜಾಗ ನೋಡಲು ಬಂದ ಮಂತ್ರಿಗೆ ಕೇತಮ್ಮ ಕೈಮುಗಿದಳು.

"ಇನ್ನೆಲ್ಲಾರ ಕಟ್ಕಳಿ ಬುದ್ದಿ, ಈ ದಿಬ್ಬ ಒಂದ ಬುಟ್ಬುಡಿ. ಮೇಕೆ ಬರೋದು ಇಲ್ಗೇಯ."

"ಇಲ್ಲಿಗೇನಾ?"

"ಇಲ್ಗೇ ಬುದ್ದಿ."

ಮಂತ್ರಿ ನಕ್ಷೆಯ ಮೇಲೆ ಅಲ್ಲೇ ಗುಂಡಗೆ ಗೆರೆ ಸುತ್ತಿದನು.

ಆರು ತಿಂಗಳಲ್ಲಿ ದಿಬ್ಬದ ಮೇಲೆ ನಲವತ್ತು ಕೋಣೆಗಳೆದ್ದವು. ಕಾಂಕ್ರೀಟಿಗೆ ಬಿದಿರಿನ ಬಣ್ಣ, ಈಜುಕೊಳಕ್ಕೆ ತೊರೆಯ ನೀರು, ಜನರೇಟರಿನ ಸದ್ದು ಮುಚ್ಚಲು ಹಕ್ಕಿ ಕೂಗುವ ಸ್ಪೀಕರು. ಮೇಕೆ ನೆಕ್ಕುತ್ತಿದ್ದ ಜಾಗದಲ್ಲೇ ಮೇಕೆ ನೋಡುವ ಮಂಟಪ. ಮೇಕೆ ಬರಲಿಲ್ಲ.

ತಜ್ಞರ ಸಮಿತಿ ಕೂತಿತು, ಉಂಡಿತು, ಹಾಡಿಯ ಒಲೆಯ ಹೊಗೆಯಿಂದ ವನ್ಯಜೀವಿಗಳಿಗೆ ಮುಜುಗರವಾಗಿದೆಯೆಂದು ವರದಿ ಒಪ್ಪಿಸಿತು. ಹಾಡಿಯನ್ನು ಬೆಟ್ಟದ ಬುಡದ ತಗಡಿನ ಶೆಡ್ಡುಗಳಿಗೆ ಇಳಿಸಿದರು. ಆಗಲೂ ಬರಲಿಲ್ಲ. ಲಾಡ್ಜಿನ ಅಂಗಳಕ್ಕೆ ಸುರಿಯಲು ರಾಜ್ಯದ ಪ್ರತಿ ಮನೆಯೂ ಒಂದು ಸೇರು ಉಪ್ಪು ಕೊಡತಕ್ಕದ್ದೆಂದು ಡಂಗುರವಾಯಿತು. ಹುಲ್ಲು ಸತ್ತಿತು. ಮಂತ್ರಿ ಅಲ್ಲಿಗೆ ಹಸಿರು ಜಮಖಾನ ಹಾಸಿಸಿದನು.

ಕಡೆಗೆ ಮಹಾರಾಜರೇ ದಯಮಾಡಿಸಿ ಕೇತಮ್ಮನನ್ನು ಕರೆಸಿದರು. ಹೋದ ವಾರವಷ್ಟೇ ಅವಳು ಕಾವಲಿನವರ ಕಣ್ಣು ತಪ್ಪಿಸಿ ಆರನೆಯ ಬೆಟ್ಟ ಹತ್ತಿದ್ದಳು. ಅಲ್ಲಿ ಬಂಡೆಯ ಸಂದಿಯಲ್ಲಿ ಮೇಕೆಗಳು ಬೇರೆ ಉಪ್ಪುಮಣ್ಣು ಹುಡುಕಿಕೊಂಡಿದ್ದವು. ಮರಿಯೂ ಒಂದಿತ್ತು.

"ನಮ್ಮ ಮೇಕೆಗಳು ಎಲ್ಲಿಗೆ ಬಿಜಯಂಗೈದಿವೆ, ತಾಯಿ?"

ಒಮ್ಮೆ ಬಾಯಿಬಿಟ್ಟು ದಿಬ್ಬ ಕಳೆದುಕೊಂಡವಳು ಈ ಸಲ ನೆಲ ನೋಡಿದಳು. "ನಾ ಕಾಣೆ ಬುದ್ದಿ."

ಚಾಟುಸೇನನ ಮುಖ ಅರಳಿತು. "ಪ್ರಭು, ಎಲ್ಲಿವೆಯೆಂದು ತಿಳಿಯದಿದ್ದರೆ ಎಲ್ಲೆಲ್ಲೂ ಇರಬಹುದೆಂದೇ ಅರ್ಥ. ಉಳಿದ ಆರು ಬೆಟ್ಟಗಳ ಮೇಲೂ ಕಟ್ಟಿಬಿಡೋಣ. ಅವು ಎಲ್ಲಿಗೆ ಬಂದರೂ ಅಲ್ಲಿ ನಾವಿರುತ್ತೇವೆ."

"ದೂರದೃಷ್ಟಿ ಅಂದರೆ ಇದು" ಎಂದರು ಮಹಾರಾಜರು.

ಉಪ್ಪಿನ ಕಂದಾಯ ಏಳು ಸೇರಾಯಿತು. ಆ ವರ್ಷ ರಾಜ್ಯವೆಲ್ಲ ಸಪ್ಪೆ ಗಂಜಿ ಕುಡಿಯಿತು. ಪ್ರಜೆಗಳ ರಕ್ತದೊತ್ತಡ ಇಳಿದುದನ್ನು ಮೆಚ್ಚಿ ಆಸ್ಥಾನವೈದ್ಯರ ಸಂಘವು ಲಾಡ್ಜಿನ ಅಂಗಳದಲ್ಲೇ ಮಹಾರಾಜರಿಗೆ ಆರೋಗ್ಯರತ್ನ ಕಿರೀಟ ತೊಡಿಸಿತು. ಕಿರೀಟದ ನೆತ್ತಿಯಲ್ಲಿ ಚಿನ್ನದ ಮಂಜುಮೇಕೆ. ಚಪ್ಪಾಳೆಗೆಂದು ಹಾಡಿಯವರನ್ನು ಲಾರಿಯಲ್ಲಿ ತುಂಬಿ ತಂದಿದ್ದರು. ತಟ್ಟದವರಿಗೆ ವಾಪಸು ಲಾರಿ ಇಲ್ಲವೆಂದು ಮೊದಲೇ ಹೇಳಿದ್ದರು.

ಕೇತಮ್ಮ ಆರನೆಯ ಬೆಟ್ಟದ ಕಡೆ ನೋಡಿದಳು. ಬುಲ್ಡೋಜರು ಅರ್ಧ ಹತ್ತಿತ್ತು. ಅವಳೂ ಚಪ್ಪಾಳೆ ತಟ್ಟಿದಳು.